ನಾಲ್ಕೂ ಕಡೆ ಅದೇ ಯಾದಿ

ಹಣಮಂತಪ್ಪ ಬೈಲಹೊಂಗಲದ ನಮ್ಮ ಕೇಂದ್ರಕ್ಕೆ ಬಂದದ್ದು ಬುಧವಾರ ಮಧ್ಯಾಹ್ನ. ಕಟಕೋಳದವರು. ಚಪ್ಪಲಿ ಹೊರಗೆ ಬಿಟ್ಟು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಅಂಗಿಯ ಕಿಸೆಯಿಂದ ಮಡಚಿದ ಚೀಟಿಯೊಂದನ್ನು ತೆಗೆದು ನನ್ನ ಮುಂದೆ ಸರಿಸಿದರು. ಅದರಲ್ಲಿ ಮಗಳು ರಾಯವ್ವನ ಹೆಸರು, ಅವಳ ಡಿ.ಎಡ್. ಅರ್ಜಿಯ ನಂಬರು ಇದ್ದವು.

“ಯಾದ್ಯಾಗ ಹೆಸರು ಐತೇನ್ ನೋಡ್ರಿ ಅಕ್ಕಾರ.”

“ಅಲ್ಲೇ ರಾಮದುರ್ಗದಾಗ ನಮ್ಮ ಕೇಂದ್ರ ಐತಲ್ರಿ. ಇಲ್ಲೀತನಕ ಯಾಕ ಬಂದ್ರಿ?”

“ರಾಮದುರ್ಗದಾಗ ನಿನ್ನೆ ನೋಡಿಸೇನ್ರಿ. ಇಲ್ಲಂದ್ರು. ಅಲ್ಲಿಂದ ಸವದತ್ತಿಗೆ ಹೋದೆ, ಅಲ್ಲೂ ಇಲ್ಲಂದ್ರು. ಒಂದು ಹೆಣ್ಣು ತರಬೇಕಂದ್ರ ನಾಕ ಊರಾಗ ಕೇಳತೇವಿ, ಒಂದ ಊರಿನ ಮಾತು ನಂಬತೇವೇನು? ಇದೂ ಹಂಗ ಅಲ್ಲೇನ್ರಿ. ಒಂದು ಮಷೀನಿನ ಕಣ್ಣಿಗೆ ಪೊರಿ ಬಂದಿದ್ರ ಇನ್ನೊಂದಕ್ಕರ ಕಾಣತೈತಿ.”

ನಾನು ಆಯ್ಕೆಯಾದವರ ಯಾದಿ ತೆರೆದೆ. ರಾಯವ್ವನ ಹೆಸರು ಇರಲಿಲ್ಲ.

“ಇದು ಮೊದಲನೇ ಯಾದಿರಿ. ಎರಡನೇದು ಈ ವಾರ ಬರಬೇಕಿತ್ತು. ಬಂದಿಲ್ಲ.”

ಅವರು ಟೋಪಿಯ ಅಂಚನ್ನು ತಿರುವುತ್ತ ಕೂತರು. ಶುಕ್ರವಾರ ಮನೆಯಲ್ಲಿ ಸಕ್ಕರೆ ಹಂಚಿ ಮದುವೆ ನಿಶ್ಚಯಿಸುವ ಶಾಸ್ತ್ರವಿತ್ತು. ರಾಯವ್ವನನ್ನು ಅವಳ ಸೋದರಮಾವನಿಗೆ, ತೊರಗಲ್ಲಿನ ರಾಯಪ್ಪನಿಗೆ, ಕೊಡುವುದು ಎಂದು ಗೊತ್ತಾಗಿತ್ತು. ಸೀಟು ಸಿಕ್ಕರೆ ಎರಡು ವರ್ಷ ಓದಲಿ, ಮದುವೆಯ ಮಾತೇ ಬೇಡ ಎಂದು ಮಗಳಿಗೆ ಅವರು ಮಾತು ಕೊಟ್ಟಿದ್ದರು.

“ಬರೇ ಬಾಯಿಮಾತಲ್ರಿ. ಲಿಂಗಾ ಮುಟ್ಟಿ ಹೇಳೇನಿ. ಆಕೀನೂ ಹೇಳ್ಯಾಳ, ಸೀಟು ಹತ್ತಲಿಲ್ಲಂದ್ರ ಬಾಯಿ ತಗೀದ ಸೀರಿ ಉಟಗೋತೇನಿ ಅಂತ. ಅದಕ್ಕ ನಂಗ ಪಕ್ಕಾ ಗೊತ್ತಾಗಬೇಕ್ರಿ. ನಾಳೆ ಆಕಿ ಅಪ್ಪ ಸರಿಯಾಗಿ ನೋಡಲಿಲ್ಲ ಅನ್ನಬಾರದು.”

ನನ್ನ ಕುರ್ಚಿಯಿಂದಲೇ ನಮ್ಮ ನಾಲ್ಕೂ ಕೇಂದ್ರಗಳ ಪೆಟ್ಟಿಗೆಗಳಲ್ಲಿರುವ ಯಾದಿಯನ್ನು ನೋಡಬಹುದು. ನೋಡಿದೆ. ಮೂಲ ಯಾದಿ ಇರುವ ಬೆಳಗಾವಿಯ ಸರ್ವರನ್ನು ನೇರವಾಗಿಯೂ ಕೇಳಬಹುದಿತ್ತು. ಐದು ನಿಮಿಷ ಬೇಕಾಗುತ್ತಿತ್ತು. ಕೇಳಲಿಲ್ಲ.

“ಇಲ್ಲರಿ,” ಎಂದೆ. “ನಾಕೂ ಕಡೆ ಅದ ಯಾದಿ ಐತಿ.”

“ನಾಕೂ ಕಡೆ ಅಂದ ಮ್ಯಾಲ ಮುಗೀತು ಬಿಡ್ರಿ,” ಎಂದು ಅವರು ಎದ್ದರು. ಬಂದವರು ಹೆಸರು ಬರೆಯುವ ವಹಿಯಲ್ಲಿ ತಮ್ಮ ಹೆಸರು, ಊರು, ಮಗಳ ನಂಬರು ಬರೆದರು. ಒಂದೊಂದೇ ಅಕ್ಷರ, ಒತ್ತಿ ಬರೆದದ್ದು. ಹೋಗುವಾಗ, ಬಂದರೆ ತಿಳಿಸಿ ಎಂದೇನೂ ಹೇಳಲಿಲ್ಲ. ನಾಲ್ಕು ಊರು ಹೇಳಿಯಾಗಿತ್ತು.

ಆ ಪೆಟ್ಟಿಗೆಗಳನ್ನು ಜೋಡಿಸಿದವನು ನನ್ನ ಗಂಡ ಕಲ್ಮೇಶ. ಸಂಸ್ಥೆಯೊಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಮಾಹಿತಿ ಕೇಂದ್ರಗಳನ್ನು ತೆರೆದಿತ್ತು. ಪೇಟೆಯ ದರ, ಪರೀಕ್ಷೆಯ ಫಲಿತಾಂಶ, ಅರ್ಜಿಯ ನಮೂನೆ ಎಲ್ಲವೂ ಬೆಳಗಾವಿಯ ಒಂದು ಸರ್ವರಿನಲ್ಲಿದ್ದವು. ನಮ್ಮಿಂದ ಬೆಳಗಾವಿಗೆ ಇದ್ದ ತಂತಿ ಬಹಳ ನಿಧಾನ. ನಮ್ಮ ನಾಲ್ಕು ಊರುಗಳ ನಡುವೆ ಮಾತ್ರ ಗುಡ್ಡದ ಮೇಲೆ ಕಂಬ ನಿಲ್ಲಿಸಿ ಒಳ್ಳೆಯ ರೇಡಿಯೊ ದಾರಿ ಮಾಡಿದ್ದರು. ಅದಕ್ಕೆ ಕಲ್ಮೇಶ ಪ್ರತಿ ಊರಿನಲ್ಲಿ ಒಂದೊಂದು ಪ್ರಾಕ್ಸಿ ಯಂತ್ರ ಇಟ್ಟ. ಕೇಂದ್ರದವರೆಲ್ಲ ಅದನ್ನು ಪೆಟ್ಟಿಗೆ ಎನ್ನುತ್ತಿದ್ದರು. ಅದು ಬೆಳಗಾವಿಯ ಪರವಾಗಿ ತಾನೇ ಮುಂದೆ ನಿಂತು ಉತ್ತರ ಕೊಡುತ್ತದೆ. ಒಮ್ಮೆ ತರಿಸಿದ ಪುಟದ ನಕಲನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ತನ್ನಲ್ಲಿ ಇಲ್ಲದ ಪುಟವನ್ನು ಯಾರಾದರೂ ಕೇಳಿದರೆ ಮೊದಲು ಉಳಿದ ಮೂರು ಪೆಟ್ಟಿಗೆಗಳನ್ನು ವಿಚಾರಿಸುತ್ತದೆ. ಯಾವುದು ಮೊದಲು ‘ಇದೆ’ ಎನ್ನುತ್ತದೋ ಅದರಿಂದ ನಕಲು ತರುತ್ತದೆ. ಮೂರರಲ್ಲೂ ಇಲ್ಲದಿದ್ದರೆ ಮಾತ್ರ ಬೆಳಗಾವಿ.

“ಹೆಪ್ಪಿಗೆ ಪ್ಯಾಟಿಗೆ ಹೋಗತಾರೇನ? ಬಾಜೂ ಮನಿಯಾಗ ಇಸಗೋತಾರ. ಹಂಗ ಇದು,” ಎಂದು ಕಲ್ಮೇಶ ಕೇಂದ್ರದವರಿಗೆ ವಿವರಿಸುತ್ತಿದ್ದ.

ಡಿಸೆಂಬರಿನಲ್ಲಿ ಕಿತ್ತೂರಿನ ಪೆಟ್ಟಿಗೆ ನಿಂತುಹೋಯಿತು. ಗುಂಡಿ ಒತ್ತಿ ಮತ್ತೆ ಶುರುಮಾಡಲು ಅವನು ಮೋಟರ್ ಸೈಕಲ್ ಮೇಲೆ ಹೋದ. ಕಿತ್ತೂರಿನ ಹತ್ತಿರದ ಬ್ರಿಜ್ಜಿನ ಬಳಿ ಹೆದ್ದಾರಿ ಅಗಲ ಮಾಡುತ್ತಿದ್ದರು. ಜಲ್ಲಿಯ ಲಾರಿಯೊಂದು ಹಿಂದಕ್ಕೆ ಸರಿಯಿತು. ಕಿತ್ತೂರು ಕೇಂದ್ರದ ಉಮಾಶ್ರೀ ಎಲ್ಲರಿಗಿಂತ ಮೊದಲು ಅಲ್ಲಿಗೆ ಓಡಿದವಳು.

ಧಾರವಾಡದಲ್ಲಿ ನಾನೂ ಅವನೂ ಒಂದೇ ತರಗತಿಯಲ್ಲಿ ಎಂಸಿಎ ಓದಿದ್ದೆವು. ಅದು ಸಂಸ್ಥೆಯವರಿಗೆ ಗೊತ್ತಿತ್ತು. ಅವನ ದಿನಕರ್ಮಗಳು ಮುಗಿದ ಮೇಲೆ ಮನೆಗೆ ಬಂದು ಅವನ ಕೆಲಸವನ್ನು ನನಗೆ ಕೊಟ್ಟರು. ನಾನು ಬೇಡ ಎನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ.

ಆ ಕೆಲಸದಲ್ಲಿ ದೊಡ್ಡ ತೊಂದರೆ ಗಡಿಯಾರದ್ದು. ನಮ್ಮ ಕಡೆ ಕರೆಂಟು ದಿನಕ್ಕೆ ಆರು ತಾಸು ಹೋಗುತ್ತಿತ್ತು. ಪೆಟ್ಟಿಗೆಯೊಳಗಿನ ಸಣ್ಣ ಗುಂಡು ಬ್ಯಾಟರಿ ಸತ್ತಿದ್ದರೆ, ಕರೆಂಟು ಬಂದಾಗ ಅದರ ಗಡಿಯಾರ ಎರಡು ಸಾವಿರನೆಯ ಇಸವಿಯ ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತಿತ್ತು. ಆಗ 2004ರ ಪುಟ ಬಂದರೆ ಪೆಟ್ಟಿಗೆ ಗಲಿಬಿಲಿಗೊಂಡು ಅದನ್ನು ಎಸೆಯುತ್ತಿತ್ತು. ಕಲ್ಮೇಶ ವಾರಕ್ಕೊಮ್ಮೆ ನಾಲ್ಕೂ ಊರು ತಿರುಗಿ ಗಡಿಯಾರ ಸರಿ ಮಾಡಿ ಬರುತ್ತಿದ್ದ. ನನಗೆ ತಿರುಗುವುದು ಬೇಡವಾಗಿತ್ತು. ಕಿತ್ತೂರಿಗಂತೂ ಬೇಡವೇ ಬೇಡ. ಮಾರ್ಚ್ ತಿಂಗಳಲ್ಲಿ ನಾಲ್ಕೂ ಪೆಟ್ಟಿಗೆಗಳಲ್ಲಿ ಒಂದು ಸಾಲು ಬರೆದೆ. ಪುಟದ ಮೇಲಿರುವ ದಿನಾಂಕ ನೋಡಬೇಡ. ನಿನ್ನ ಕೈಗೆ ಬಂದ ಗಳಿಗೆಯಿಂದ ಇಪ್ಪತ್ತನಾಲ್ಕು ತಾಸು ಎಣಿಸು, ಆಮೇಲೆ ಎಸೆ. ಗಡಿಯಾರ ತಪ್ಪಿದ್ದರೂ ತಾಸು ಎಣಿಸಲು ಅಡ್ಡಿಯಿಲ್ಲ. ಒಳ್ಳೆಯ ಉಪಾಯ ಎನಿಸಿತು. ಐದು ತಿಂಗಳು ಯಾರೂ ದೂರಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಬೆಳಗಾವಿಯ ಮುಖ್ಯ ಕಚೇರಿಯಿಂದ ಫೋನು ಬಂತು.

“ಏನ್ರಿ ಮೇಡಮ್, ಡಿ.ಎಡ್. ಎರಡನೇ ಯಾದಿ ಸೋಮವಾರನ ಹಾಕೇವಿ. ನಿಮ್ಮ ನಾಕ ಊರಿಂದ ಒಂದ ನರಪಿಳ್ಳಿ ಬಂದು ನೋಡಿಲ್ಲ. ಯಾಕ, ನಿಮ್ಮ ಕಡೆ ಯಾರೂ ಮಾಸ್ತರ ಆಗೂದಿಲ್ಲೇನು?”

“ನಮಗ ಇನ್ನೂ ಮೊದಲನೇದ ಕಾಣಸಾಕ ಹತ್ತೈತ್ರಿ.”

“ಮೊದಲನೇದು ತಗದು ಐದ ದಿನಾ ಆತು. ನಾಳೆ ಸಂಜೀ ನಾಕಕ್ಕ ಮುಗೀತು. ಅಷ್ಟರಾಗ ಅಸಲೀ ಕಾಗದ ತಗೊಂಡು ಬೆಳಗಾವಿಗೆ ಬಂದು ನಿಂದ್ರಬೇಕು. ಬರಲಿಲ್ಲಂದ್ರ ಸೀಟು ಮುಂದಿನವರಿಗೆ.”

ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ಪರದೆ ನೋಡಿದೆ. ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೈಲಹೊಂಗಲದ ನಕಲಿಗೆ ಇಪ್ಪತ್ತನಾಲ್ಕು ತಾಸು ತುಂಬಿದರೆ ಬೈಲಹೊಂಗಲ ಅದನ್ನು ಎಸೆಯುತ್ತದೆ. ಆಮೇಲೆ ಯಾರಾದರೂ ಯಾದಿ ಕೇಳಿದಾಗ ಸವದತ್ತಿಯನ್ನು ವಿಚಾರಿಸುತ್ತದೆ. ಸವದತ್ತಿಯಲ್ಲಿ ಅದೇ ಹಳೆಯ ನಕಲು ಇರುತ್ತದೆ. ಅದನ್ನು ತಂದು, ಈಗ ತಾನೇ ಕೈಗೆ ಬಂದದ್ದು ಎಂದು ಮತ್ತೆ ಒಂದರಿಂದ ಎಣಿಸತೊಡಗುತ್ತದೆ. ನಾಳೆ ಸವದತ್ತಿ ಎಸೆದು ಬೈಲಹೊಂಗಲವನ್ನು ಕೇಳುತ್ತದೆ. ಪೇಟೆಯ ದರದ ಪುಟಗಳನ್ನು ತಾಸಿಗೊಮ್ಮೆ ಎಸೆಯಲು ಬರೆದಿದ್ದೆವು. ಕೇಂದ್ರ ಮುಚ್ಚಿದ ಮೇಲೆ ಅವು ನಾಲ್ಕೂ ಕಡೆ ಖಾಲಿಯಾಗಿ, ಬೆಳಿಗ್ಗೆ ಹೊಸತು ಬರುತ್ತಿತ್ತು. ಈ ಯಾದಿಯನ್ನು ಮಾತ್ರ ಜನ ದಿನವೂ ಕೇಳಿದರು. ಎಷ್ಟು ಜನ ಕೇಳಿದರೋ ಅಷ್ಟೂ ಅದು ಬದುಕಿತು.

ಹಣಮಂತಪ್ಪ ಮೂರು ಊರು ತಿರುಗಿ ಒಂದೇ ಹಾಳೆಯನ್ನು ಮೂರು ಸಲ ನೋಡಿದ್ದರು.

ಬೈಲಹೊಂಗಲದ ನಕಲು ಅಳಿಸಿದೆ. ಸವದತ್ತಿಯದು ಅಳಿಸಿದೆ. ರಾಮದುರ್ಗದ್ದು ಅಳಿಸಿದೆ. ಕಿತ್ತೂರಿನ ಪೆಟ್ಟಿಗೆ ಉತ್ತರ ಕೊಡಲಿಲ್ಲ. ಉಮಾಶ್ರೀಗೆ ಫೋನು ಮಾಡಿದೆ.

“ಕರೆಂಟ ಇಲ್ರಿ ಮೇಡಮ್. ಮುಂಜಾನಿಂದ ಪೆಟಗಿ ಬಂದ್ ಐತಿ. ನೀವು ಹೆಂಗದೀರಿ? ಮೊನ್ನೆ ಆ ಬ್ರಿಜ್ಜಿನ ಕಡೆ ಹೋಗಿದ್ದೆ, ಸರ್ ನೆನಪಾಗಿ—”

“ಆಯ್ತು ಉಮಾಶ್ರೀ, ಇಡತೇನಿ,” ಎಂದೆ.

ಎಂಟು ತಿಂಗಳಿಂದ ಅವಳೊಡನೆ ಹೀಗೆಯೇ ಮಾತು ಮುಗಿಸುತ್ತಿದ್ದೆ. ಪೆಟ್ಟಿಗೆಯ ರೇಡಿಯೊ ವಾಯರು ಕಿತ್ತು ಇಡು, ನಾನು ಹೇಳುವ ತನಕ ಹಚ್ಚಬೇಡ ಎಂದು ಒಂದು ಮಾತು ಹೇಳಬೇಕಿತ್ತು. ಫೋನು ಇಟ್ಟುಬಿಟ್ಟೆ.

ಆಮೇಲೆ ಬೆಳಗಾವಿಯಿಂದ ಎರಡನೆಯ ಯಾದಿ ತರಿಸಿ ಅಚ್ಚು ಹಾಕಿದೆ. ನಮ್ಮ ವಹಿಯಲ್ಲಿ ಆ ವಾರ ಯಾದಿ ನೋಡಲು ಬಂದವರ ನಂಬರುಗಳನ್ನು ಒಂದೊಂದಾಗಿ ಹೋಲಿಸಿದೆ. ಒಂದೇ ನಂಬರು ಕೂಡಿತು. ಹದಿನೇಳನೆಯ ಸಾಲು, ರಾಯವ್ವ ಹಣಮಂತಪ್ಪ, ಕಟಕೋಳ. ಸವದತ್ತಿಯವರಿಗೆ ಅವರ ವಹಿ ನೋಡಲು ಹೇಳಿದೆ. ರಾಮದುರ್ಗದ ಫೋನು ಸತ್ತಿತ್ತು. ಕಟಕೋಳಕ್ಕೆ ಕಳಿಸಲು ಬೇರೆ ಯಾರೂ ಇರಲಿಲ್ಲ. ಇಲ್ಲ ಎಂದು ಹೇಳಿದವಳೂ ನಾನೇ. ಕೇಂದ್ರಕ್ಕೆ ಬೀಗ ಹಾಕಿ ಯರಗಟ್ಟಿಯ ಬಸ್ಸು ಹತ್ತಿದೆ.

ಯರಗಟ್ಟಿಯಲ್ಲಿ ರಾಮದುರ್ಗದ ಬಸ್ಸಿಗೆ ಬಹಳ ಕಾಯಬೇಕಾಯಿತು. ಕಟಕೋಳದಲ್ಲಿ ಇಳಿದಾಗ ಎರಡು ದಾಟಿತ್ತು. ಮನೆ ಹುಡುಕುವ ಕಷ್ಟವಿರಲಿಲ್ಲ. ಅಂಗಳದಲ್ಲಿ ಸಣ್ಣ ಹಂದರ ಹಾಕಿ ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು. ಒಳಗಿನಿಂದ ಹೂರಣ ಬೇಯುವ ವಾಸನೆ ಬರುತ್ತಿತ್ತು. ಹೊರಗಿನ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಎಲೆಯಡಿಕೆ ಕುಟ್ಟುತ್ತ ಕೂತಿದ್ದಳು. ಹಣಮಂತಪ್ಪನ ತಾಯಿ, ಬಾಯವ್ವ.

“ಯಾರವಾ ನೀ?”

“ಬೈಲಹೊಂಗಲದಿಂದ ಬಂದೇನ್ರಿ. ಹಣಮಂತಪ್ಪನವರ ಕೂಡ ಮಾತಾಡಬೇಕು.”

ಅವಳು ನನ್ನ ಹಣೆ ನೋಡಿದಳು. ಕೈ ನೋಡಿದಳು.

“ಹ್ವಾದ ವಾರ ಬರಬೇಕು, ಇಲ್ಲಾ ಬರೂ ವಾರ ಬರಬೇಕು. ಇವತ್ತ ಬರತಾರೇನವಾ ತಂಗಿ?”

“ಇವತ್ತ ಬರಬೇಕಾತ್ರಿ.”

“ಹಂಗಾದ್ರ ಅಲ್ಲೇ ಬೇವಿನ ಗಿಡದ ಬುಡಕ ಕುಂಡರು. ತಪ್ಪ ತಿಳಕೋಬ್ಯಾಡ. ನಾನೂ ನಿನ್ನಂಗ. ಮೊಮ್ಮಗಳ ಕಾರ್ಯ, ನಾನೂ ಒಳಗ ಕಾಲ ಇಟ್ಟಿಲ್ಲ. ಮುಂಜಾನಿಂದ ಇದ ಕಟ್ಟೀನ ನನ್ನ ಸಂಸ್ಥಾನ.”

ಅವಳೇ ಕೂಗಿ ಮಗನನ್ನು ಕರೆದಳು. ಹಣಮಂತಪ್ಪ ಬಂದರು. ಹೊಸ ಧೋತರ ಉಟ್ಟಿದ್ದರು. ನನ್ನನ್ನು ನೋಡಿ ಅವರ ಮುಖ ಗಟ್ಟಿಯಾಯಿತು. ನಾನು ಹಾಳೆ ಬಿಚ್ಚಿ ಹದಿನೇಳನೆಯ ಸಾಲು ತೋರಿಸಿದೆ. ಹೇಳಬೇಕಾದದ್ದನ್ನು ಹೇಳಿದೆ. ಬುಧವಾರ ನಾನು ತೋರಿಸಿದ್ದು ಹಳೆಯ ಯಾದಿ. ಹೊಸದು ಸೋಮವಾರವೇ ಬಂದಿದೆ. ನಾಳೆ ಸಂಜೆ ನಾಲ್ಕರೊಳಗೆ ಬೆಳಗಾವಿಯಲ್ಲಿ ಇರಬೇಕು. ತಪ್ಪು ನಮ್ಮದು.

ಅವರು ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು.

“ನಾಕೂ ಕಡೆ ಇಲ್ಲ ಅಂದಿದ್ರಿ.”

“ಹೌದ್ರಿ. ನಾಕೂ ಒಂದಕ್ಕೊಂದು ನೋಡಿ ಬರಕೊಂಡಿದ್ವು. ನಾಕ ಸಾಕ್ಷಿ ಅಲ್ಲ ಅವು, ಒಂದ.”

ಅಷ್ಟರಲ್ಲಿ ಹಂದರದ ಗಂಡಸರು ಸುತ್ತ ನೆರೆದಿದ್ದರು. ಮದುಮಗ ರಾಯಪ್ಪನೂ ಬಂದ. ಮೂವತ್ತರ ಆಸುಪಾಸು, ಬಿಸಿಲಿಗೆ ಸುಟ್ಟ ಮುಖ, ತಲೆಗೆ ಆ ದಿನಕ್ಕೆಂದು ಸುತ್ತಿದ ಹೊಸ ರುಮಾಲು. ಅವನ ಹಿಂದಿನಿಂದ ಯಾರೋ ತಮಾಷೆ ಮಾಡಿದರು.

“ರಾಯಪ್ಪಾ, ಹೆಂಡ್ತಿ ಸಾಲಿ ಅಕ್ಕೋರಾದ್ರ ನೀ ಏನೋ ಮಾಡ್ತಿ? ಪಾಟೀ ಹಿಡಕೊಂಡು ಹಿಂದಿನ ಸಾಲಿನ್ಯಾಗ ಕುಂಡರತಿ?”

“ಕುಂಡರತೇನಿ,” ಎಂದ ರಾಯಪ್ಪ. “ಸಣ್ಣಾಂವ ಇದ್ದಾಗ ಕುಂಡರಲಿಲ್ಲ, ಈಗರ ಕುಂಡರತೇನಿ.” ಎಲ್ಲರೂ ನಕ್ಕರು. ಅವನು ನಗದೆ ಹಣಮಂತಪ್ಪನ ಕಡೆ ತಿರುಗಿದ. “ಮಾವಾರ, ನೀವು ಲಿಂಗಾ ಮುಟ್ಟೀರಿ. ಸಕ್ರಿ ತಡೀರಿ. ನಾನ ಗಾಡಿ ತಗೊಂಡು ರಾಮದುರ್ಗಕ್ಕ ಹೋಗಿ ನೋಡಿ ಬರತೇನಿ. ಹೆಸರು ಇದ್ರ ನಾಳೆ ನಸಕಿನ್ಯಾಗ ನಾನ ಆಕೀನ ಬೆಳಗಾವಿಗೆ ಮುಟ್ಟಸತೇನಿ.”

“ಈಗ ರಾಮದುರ್ಗದಾಗ ಖರೇದು ಕಾಣಸತೈತಲ್ರಿ?” ಎಂದು ಹಣಮಂತಪ್ಪ ನನ್ನನ್ನು ಕೇಳಿದರು.

“ಕಾಣಸತೈತ್ರಿ. ಹಳೇದು ಮುಂಜಾನೆ ಅಳಿಸೇನಿ.”

ಬಾಗಿಲ ಸಂದಿಯಲ್ಲಿ ಹಸಿರು ಸೀರೆಯ ಹುಡುಗಿಯೊಬ್ಬಳು ನಿಂತಿದ್ದಳು. ಮುಡಿಯ ತುಂಬ ಹೂ ಏರಿಸಿದ್ದರು. ಅದರ ಭಾರಕ್ಕೆ ಕುತ್ತಿಗೆ ಸ್ವಲ್ಪ ಮುಂದಕ್ಕೆ ಬಾಗಿತ್ತು. ಅವಳು ನನ್ನನ್ನಲ್ಲ, ನನ್ನ ಕೈಯ ಹಾಳೆಯನ್ನು ನೋಡುತ್ತಿದ್ದಳು.

ರಾಯಪ್ಪನ ಗಾಡಿ ಹೋಯಿತು. ನಾನು ಬೇವಿನ ಮರದ ಕೆಳಗೆ ಕೂತೆ. ಬಾಯವ್ವ ನೀರು ತರಿಸಿ ಕೊಟ್ಟಳು, ಆಮೇಲೆ ಹೋಳಿಗೆ ತರಿಸಿದಳು. ಬೀಗರು ಗೊಣಗುತ್ತಿದ್ದರು. ನಾಲ್ಕಕ್ಕೆ ಸಕ್ಕರೆ ಹಂಚಬೇಕಿತ್ತು. ನಾಲ್ಕು ದಾಟಿತು.

“ಎಷ್ಟ ವರ್ಷ ಬಾಳ್ವೆ ಮಾಡಿದಿ?” ಎಂದು ಬಾಯವ್ವ ಕೇಳಿದಳು.

“ಎರಡ ವರ್ಷ.”

“ನಾ ಹನ್ನೊಂದು. ಎರಡಾದ್ರೂ ಅಷ್ಟ, ಹನ್ನೊಂದಾದ್ರೂ ಅಷ್ಟ.” ಕುಟ್ಟಿದ ಎಲೆಯಡಿಕೆಯನ್ನು ಬಾಯಿಗೆ ಹಾಕಿಕೊಂಡಳು.

ಐದಕ್ಕೆ ರಾಯಪ್ಪ ಬಂದ. ಗಾಡಿಯಿಂದ ಇಳಿದು ನೇರ ಹಣಮಂತಪ್ಪನ ಹತ್ತಿರ ಹೋಗಿ ಒಂದು ಹಾಳೆ ಕೊಟ್ಟ. ಹಣಮಂತಪ್ಪ ಎರಡೂ ಹಾಳೆ ಹಿಡಿದು ನನ್ನ ಬಳಿ ಬಂದರು. ತಲೆಬರಹ ಎರಡಕ್ಕೂ ಒಂದೇ, ಆದರೆ ರಾಮದುರ್ಗದ ಹಾಳೆಯಲ್ಲಿ ಮೊದಲನೆಯ ಯಾದಿ ಇತ್ತು. ರಾಯವ್ವನ ಹೆಸರು ಇರಲಿಲ್ಲ.

ಏನಾಗಿದೆ ಎಂದು ನನಗೆ ಅಲ್ಲೇ ನಿಂತು ಗೊತ್ತಾಯಿತು. ಕಿತ್ತೂರಿಗೆ ಕರೆಂಟು ಬಂದಿದೆ. ಪೆಟ್ಟಿಗೆ ಎದ್ದಿದೆ, ಹಳೆಯ ನಕಲನ್ನು ಹಿಡಿದುಕೊಂಡೇ ಎದ್ದಿದೆ. ರಾಮದುರ್ಗದ ಕೈ ಖಾಲಿಯಿತ್ತು, ನಾನೇ ಖಾಲಿ ಮಾಡಿದ್ದೆ. ರಾಯಪ್ಪ ಯಾದಿ ಕೇಳಿದಾಗ ಅದು ನೆರೆಯವರನ್ನು ವಿಚಾರಿಸಿದೆ. ಸವದತ್ತಿಯಲ್ಲಿ ಏನೂ ಇಲ್ಲ. ಬೈಲಹೊಂಗಲದಲ್ಲಿ ಆ ಹೊತ್ತಿಗೆ ಕರೆಂಟು ಹೋಗಿರಬೇಕು. ‘ಇದೆ’ ಎಂದದ್ದು ಕಿತ್ತೂರು ಒಂದೇ.

“ನಿಮ್ಮ ಹಾಳಿ ಮುಂಜಾನಿ ಹತ್ತೂಕಾಲರದು,” ಎಂದರು ಹಣಮಂತಪ್ಪ. ಹಾಳೆಯ ಕೆಳಗೆ ಅಚ್ಚಾದ ತಾರೀಖು ಸಮಯದ ಮೇಲೆ ಬೆರಳಿಟ್ಟಿದ್ದರು. “ಇದು ನಾಕಕ್ಕ ಹತ್ತ ಕಮ್ಮಿ. ಎರಡೂ ಇವತ್ತಿನ್ವು. ಮುಂಜಾನಿ ಹೆಸರಿತ್ತು, ಮಧ್ಯಾನ್ನ ಇಲ್ಲ.”

“ಅದು ಅಚ್ಚ ಹಾಕಿದ ಹೊತ್ತರಿ. ಯಾದಿ ಹಳೇದು. ಕಿತ್ತೂರಿನ ಮಷೀನು ಹಳೇದನ್ನ ಕೊಟ್ಟೈತಿ.”

“ನಾನು ರಾಮದುರ್ಗ ಅಂತೇನಿ, ನೀವು ಕಿತ್ತೂರು ಅಂತೀರಿ.”

“ಒಂದರಿಂದ ಒಂದು ಇಸಗೋತಾವ್ರಿ.”

“ಅಕ್ಕಾರ, ನಾ ಶ್ಯಾಣ್ಯಾ ಅಲ್ಲ. ಆದ್ರ ತಾರೀಖು ಓದತೇನಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ನನಗ ಏನಾಗೇತಿ ಗೊತ್ತಾತು. ಹೆಸರು ಬಂದಿತ್ತು. ಯಾರೋ ವಶೀಲಿಯವರು ತಗಸ್ಯಾರ. ನಮ್ಮಂಥವರ ಹೆಸರು ಮುಂಜಾನಿ ಬರತೈತಿ, ಸಂಜೀಕ ಹೋಗತೈತಿ. ನಿಮ್ಮ ಕಡಿಂದ ಏನೂ ತಪ್ಪಿಲ್ಲ.”

“ಹಂಗಲ್ರಿ. ನಾಳೆ ಬೆಳಗಾವಿಗೆ ಹೋಗ್ರಿ. ಹೆಸರು ಐತಿ.”

“ಹೋಗಿ, ಅಲ್ಲಿ ಇಲ್ಲಂದ್ರ? ಸಕ್ರಿ ನಿಂದ್ರಿಸಿ ಬೀಗರನ್ನ ಹಂಗ ಕಳಿಸಿದ ಮ್ಯಾಲ ಇತ್ತಾಗ ಇದೂ ಇಲ್ಲ, ಅತ್ತಾಗ ಅದೂ ಇಲ್ಲ. ಹುಡುಗಿನ್ನ ಎಲ್ಲಿ ಇಡ್ಲಿ?”

ಐತಿ ಎಂದು ಇನ್ನೊಮ್ಮೆ ಹೇಳಿದೆ. ಅದೇ ದನಿಯಲ್ಲಿ ಹೇಳಿದೆ. ನನಗೆ ಬೇರೆ ದನಿ ಇರಲಿಲ್ಲ. ರಾಯಪ್ಪ ಎರಡೂ ಹಾಳೆಗಳನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದ, ತಿರುಗಿಸಿ ಹಿಂದಿನಿಂದಲೂ ನೋಡಿದ, ಮತ್ತೆ ನನಗೆ ನನ್ನದನ್ನು ಕೊಟ್ಟ.

ಬಸ್ ನಿಲ್ದಾಣದ ಪಕ್ಕದ ಎಸ್‌ಟಿಡಿ ಬೂತಿಗೆ ಓಡಿದೆ. ಬೆಳಗಾವಿಯವರೇ ಹಣಮಂತಪ್ಪನಿಗೆ ಹೇಳಲಿ ಎಂದುಕೊಂಡೆ. ಆಗಲೇ ಐದೂವರೆ. ಅಲ್ಲಿ ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಕಿತ್ತೂರಿಗೆ ಹಚ್ಚಿದೆ. ಮಧ್ಯಾಹ್ನ ಒಂದಕ್ಕೆ ಕರೆಂಟು ಬಂತು ಎಂದಳು ಉಮಾಶ್ರೀ. ವಾಯರು ಕೀಳು ಎಂದೆ. ಕಿತ್ತಳು.

ಮರಳಿ ಬಂದಾಗ ಹಂದರದಲ್ಲಿ ಸಕ್ಕರೆ ಹಂಚುತ್ತಿದ್ದರು.

ಸ್ವಲ್ಪ ಹೊತ್ತಿಗೆ ರಾಯವ್ವ ತಾಟು ಹಿಡಿದು ಹೊರಗೆ ಬಂದಳು. ಅಜ್ಜಿಗೆ ಒಂದು ಚಿಟಿಕೆ ಕೊಟ್ಟಳು. ನನಗೂ ಕೊಟ್ಟಳು. ತಾಟನ್ನು ಕಟ್ಟೆಯ ಮೇಲಿಟ್ಟು ತಗ್ಗಿದ ದನಿಯಲ್ಲಿ ಕೇಳಿದಳು.

“ಮಾವ ಖರೇನ ರಾಮದುರ್ಗಕ್ಕ ಹೋಗಿದ್ದನೇನ್ರಿ?”

“ಹೋಗಿದ್ರು. ಅವರು ಸುಳ್ಳ ಹೇಳಿಲ್ಲ.”

“ಹಂಗಾದ್ರ ನೀವು?”

“ನಾನೂ ಹೇಳಿಲ್ಲ.”

ಅವಳು ನನ್ನ ಮುಖವನ್ನು ಓದಲು ನೋಡಿದಳು. ಏನೂ ಸಿಗಲಿಲ್ಲ ಎಂದು ಕಾಣುತ್ತದೆ.

“ಆ ಹಾಳಿ ನನಗ ಕೊಡ್ರಿ. ನನ್ನ ಹೆಸರು ಅಚ್ಚಿನ್ಯಾಗ ಎಲ್ಲೂ ಬಂದಿಲ್ಲ.”

ಕೊಟ್ಟೆ. ಎಂಟು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡು, ತಾಟು ಎತ್ತಿಕೊಂಡು ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಕೇಂದ್ರಕ್ಕೆ ಎಲ್ಲರಿಗಿಂತ ಮುಂಚೆ ಹೋದೆ. ರಾಮದುರ್ಗ, ಸವದತ್ತಿ ಎರಡನ್ನೂ ಮತ್ತೆ ಅಳಿಸಿದೆ. ಮಾರ್ಚಿನಲ್ಲಿ ಬರೆದ ಸಾಲನ್ನು ತೆಗೆದೆ. ಕಿತ್ತೂರಿನ ವಾಯರು ಕಿತ್ತಿದ್ದರಿಂದ ಅದನ್ನು ಇಲ್ಲಿಂದ ಮುಟ್ಟಲು ಬರುತ್ತಿರಲಿಲ್ಲ. ಉಮಾಶ್ರೀಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದೆ, ಅವಳು ಒಂದೊಂದೇ ಒತ್ತಿದಳು. ಮುಕ್ಕಾಲು ತಾಸು ಹಿಡಿಯಿತು. ಆಮೇಲೆ ವಾಯರು ಮತ್ತೆ ಹಚ್ಚಿದಳು. ಅವಳು ಆ ದಿನ ಬೇರೆ ಮಾತು ತೆಗೆಯಲಿಲ್ಲ.

ಬೆಳಗಾವಿಯವರು ಆಯ್ಕೆಯ ಕಚೇರಿಗೆ ಹೋಗಿ ಕೇಳಿ ಬಂದರು. ಹುಡುಗಿ ಖುದ್ದು ಬರಬೇಕು, ಬೇರೆ ದಾರಿಯಿಲ್ಲ ಎಂದರಂತೆ. ಅದಕ್ಕೂ ಮೊದಲೇ, ಒಂಬತ್ತಕ್ಕೆ, ನಿನ್ನೆ ನಂಬರು ಬರೆದುಕೊಂಡಿದ್ದ ಕಟಕೋಳದ ಬೂತಿಗೆ ಫೋನು ಮಾಡಿದ್ದೆ. ಹಣಮಂತಪ್ಪನವರಿಗೆ ಈಗಲೇ ಹೇಳಿ, ರಾಮದುರ್ಗದಲ್ಲಿ ಇನ್ನೊಮ್ಮೆ ನೋಡಲಿ, ಇಲ್ಲವೇ ಹಾಗೆಯೇ ಬೆಳಗಾವಿಗೆ ಹೊರಡಲಿ ಎಂದೆ. ಬೂತಿನವನು ಹೂಂ ಎಂದ. ಹತ್ತಕ್ಕೆ ಮತ್ತೆ ಮಾಡಿದೆ. ಹೇಳ್ತೇನಿ ಅಂದೆನಲ್ರಿ ಎಂದ. ಹನ್ನೊಂದಕ್ಕೆ ಯಾರೂ ಎತ್ತಲಿಲ್ಲ.

ಮೂರೂ ಹತ್ತಕ್ಕೆ ರಾಮದುರ್ಗದಿಂದ ಫೋನು ಬಂತು. ಕೇಂದ್ರದ ಅಮೋಘಸಿದ್ದಪ್ಪ.

“ಮೇಡಮ್, ಲೈನು ಈಗ ಬಂತ್ರಿ. ಕಟಕೋಳದವರೊಬ್ಬರು ಬಂದಾರ. ನಿಮ್ಮ ಕೂಡ ಮಾತಾಡಬೇಕಂತ.”

ಹಣಮಂತಪ್ಪ ಫೋನು ಹಿಡಿದರು. ಏದುಸಿರು ಬಿಡುತ್ತಿದ್ದರು.

“ಅಕ್ಕಾರ, ಹೆಸರು ಬಂದೈತ್ರಿ. ಹದಿನೇಳನೇದು. ನಾನ ಬೆರಳ ಇಟ್ಟು ನೋಡಿದೆ.”

“ನಿಮಗ ಮುಂಜಾನೆ ಯಾರೂ ಹೇಳಲಿಲ್ಲೇನ್ರಿ?”

“ಬೂತಿನಾಂವ ಈಗ ಊಟಾ ಆದಮ್ಯಾಲ ಹೇಳಿದ. ಬೀಗರು ಇದ್ರು, ಕಾರ್ಯದ ಮನಿ, ಮಂದಿ ಉಂಡು ಏಳಲಿ ಅಂತ ಬಿಟ್ಟಿದ್ದನಂತ. ಈಗ ಹೋದ್ರ ಆಗತೈತೇನ್ರಿ? ಜೀಪ ಮಾಡಕೋತೇನಿ.”

“ನಾಕಕ್ಕ ಮುಚ್ಚತೈತ್ರಿ. ನೀವು ಕಟಕೋಳಕ್ಕ ಹೋಗಿ ಆಕೀನ ಕರಕೊಂಡು ಬೆಳಗಾವಿ ಮುಟ್ಟಬೇಕಂದ್ರ ಆರ ಆಗತೈತಿ.”

ಆ ಕಡೆ ಅಚ್ಚಿನ ಯಂತ್ರ ಯಾರದೋ ಹಾಳೆ ಹೊರಗೆ ಹಾಕುತ್ತಿದ್ದ ಸದ್ದು ಕೇಳುತ್ತಿತ್ತು.

“ಹಂಗಾದ್ರ ನಿನ್ನೆ ನೀವು ಹೇಳಿದ್ದ ಖರೆ ಇತ್ತು.”

“ಹೌದ್ರಿ.”

“ನೀವು ಸಿಟ್ಟಿಗೇಳಬೇಕಾಗಿತ್ತು ಅಕ್ಕಾರ. ಮಂದ್ಯಾಗ ನಿಂತು ನನಗ ಬೈಬೇಕಾಗಿತ್ತು. ಸಂತ್ಯಾಗ ದರಾ ಹೇಳಿದಂಗ ಹೇಳಿದ್ರಿ. ಖರೆ ಇದ್ದವರು ಅಷ್ಟ ಸಾವಕಾಶ ಹೇಳತಾರೇನ್ರಿ?”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

ಅವರೇ ಮಾತು ಮುಂದುವರಿಸಿದರು. ಈಗ ದನಿ ಇಳಿದಿತ್ತು.

“ಒಂದ ಮಾತು ನಡಸಿ ಕೊಡ್ರಿ. ನಾನು ಮನಿಗೆ ಹೋಗಿ ಹೆಸರು ಇಲ್ಲ ಅಂತನ ಹೇಳತೇನಿ. ನಿಮ್ಮದ ತಪ್ಪಾಗಿತ್ತು, ಹಳೇ ಯಾದೀನ ಖರೆ ಅಂತ. ಆಕಿ ನಿಮ್ಮ ಕಡೆ ಬಂದು ಕೇಳಿದ್ರ ನೀವೂ ಹಂಗ ಹೇಳ್ರಿ. ಈ ಅಮೋಘಸಿದ್ದಪ್ಪಗೂ ಹೇಳ್ರಿ. ಸವದತ್ತಿಯವರಿಗೂ ಹೇಳ್ರಿ.”

“ಯಾಕ್ರಿ?”

“ಹೆಸರು ಇತ್ತು ಅಂತ ಗೊತ್ತಾದ್ರ, ರಾಯಪ್ಪ ಬೇಕಂತ ಸುಳ್ಳ ಹಾಳಿ ತಂದಾ ಅಂತ ಆಕಿ ತಿಳಕೋತಾಳ. ಅಂವ ತಂದಿಲ್ಲ. ಅಂವ ಒಳ್ಳೇ ಹುಡುಗ ಅದಾನ. ಜನ್ಮೆಲ್ಲಾ ಅವನ ಕೂಡ ಬಾಳಬೇಕಾಕಿ. ಸೀಟಂತೂ ಹೋತು. ಇದೊಂದರ ಉಳೀಲಿ.”

ಹಾಳೆ ರಾಯವ್ವನ ಹತ್ತಿರ ಇತ್ತು. ಅದನ್ನು ನಾನು ಅವರಿಗೆ ಹೇಳಲಿಲ್ಲ.

“ಆಗಲ್ರಿ,” ಎಂದೆ.

“ನಾಕೂ ಕಡೆ ಒಂದ ಹೇಳ್ರಿ,” ಎಂದು ಅವರು ಫೋನು ಇಟ್ಟರು.

ಮೂರೂ ಇಪ್ಪತ್ತಾಗಿತ್ತು. ಸಂತೆಯ ದಿನವಲ್ಲ, ಕೇಂದ್ರಕ್ಕೆ ಯಾರೂ ಬರಲಿಲ್ಲ. ನಾಲ್ಕು ಬಡಿಯುವ ತನಕ ಪರದೆಯ ಮುಂದೆ ಕೂತಿದ್ದೆ. ಬೈಲಹೊಂಗಲ ನೋಡಿದೆ, ಕಿತ್ತೂರು ನೋಡಿದೆ, ಸವದತ್ತಿ ನೋಡಿದೆ, ರಾಮದುರ್ಗ ನೋಡಿದೆ. ಹದಿನೇಳನೆಯ ಸಾಲಿನಲ್ಲಿ ರಾಯವ್ವನ ಹೆಸರಿತ್ತು. ಆಮೇಲೆ ಸವದತ್ತಿಗೆ ಫೋನು ಹಚ್ಚಿದೆ.